ಒಣಕೊಂಬೆಯ ಮರಸು

ಬೇಟೆಯು ಯಾವ ದೇಶದಲ್ಲಿಯೇ ನಡೆಯಲಿ, ಅದಕ್ಕೆ ಮೂಲತಃ ಎರಡೇ ಮಾರ್ಗಗಳುಂಟು: ಮೃಗವನ್ನು ಅಟ್ಟಿಕೊಂಡು ಹೋಗುವುದೊಂದು, ಮೃಗ ಬರುವ ದಾರಿಯಲ್ಲಿ ಮರೆಯಾಗಿ ಕಾದಿರುವುದು ಇನ್ನೊಂದು. ನಮ್ಮ ಮಲೆನಾಡಿನ ಹಿಂದಣ ಬೇಟೆಗಾರರು ಮೊದಲನೆಯದಕ್ಕೆ ನಾಯಿಗಳನ್ನೂ ಹಳು ನುಗ್ಗುವ ಆಳುಗಳನ್ನೂ ಕೂಡಿಸಿಕೊಂಡು ಗದ್ದಲದೊಡನೆ ಹೊರಡುತ್ತಿದ್ದರು. ಎರಡನೆಯದಕ್ಕೆ ಸದ್ದಿಲ್ಲದೆ ಒಬ್ಬಿಬ್ಬರೇ ಹೋಗಿ ಮರಸು ಕೂರುತ್ತಿದ್ದರು. ಅಟ್ಟುವ ಬೇಟೆಯಲ್ಲಿ ಕಾಲಿನ ಕಸುವಿಗೂ ಎದೆಯ ಧೈರ್ಯಕ್ಕೂ ಪ್ರಾಧಾನ್ಯ. ಮರಸಿನ ಬೇಟೆಯಲ್ಲಿ ತಾಳ್ಮೆಗೆ, ತಾಳ್ಮೆಗಿಂತ ಮಿಗಿಲಾಗಿ ಮೃಗದ ಇಂದ್ರಿಯಗಳನ್ನು ಕುರಿತ ಪರಿಜ್ಞಾನಕ್ಕೆ. ಈ ಎರಡನೆಯ ಮಾರ್ಗವು ಇಂದು ಹೆಚ್ಚುಕಡಿಮೆ ಒಂದು ಶಾಸ್ತ್ರದ ಮಟ್ಟಕ್ಕೆ ಬೆಳೆದಿರುವುದು ಉತ್ತರ ಅಮೆರಿಕದಲ್ಲಿ, ಬಿಳಿಬಾಲದ ಜಿಂಕೆಯೆಂದು ಪ್ರಸಿದ್ಧವಾದ ಅಲ್ಲಿಯ ಹರಿಣದ ಬೇಟೆಯಲ್ಲಿ. ಬಿದ್ದ ಮರ, ಕೊಂಬೆ, ಎಲೆ ಇವುಗಳ ಹೊರತು ಬೇರಾವ ಸಾಮಗ್ರಿಯನ್ನೂ ಬಳಸದೆ ನೆಲದ ಮೇಲೆಯೇ ಕಟ್ಟುವ ಮರಸನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ವಿಸ್ಕಾನ್ಸಿನ್ ರಾಜ್ಯವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅಲ್ಲಿ ಬಂದೂಕಿನಿಂದ ಜಿಂಕೆಯನ್ನು ಬೇಟೆಯಾಡುವುದಕ್ಕೆ ಸಲ್ಲುವ ಮುಖ್ಯಾವಧಿ ಒಂಬತ್ತೇ ದಿನ. ನವೆಂಬರಿನ ನಾಲ್ಕನೆಯ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಣ ಶನಿವಾರ ಅದು ಪ್ರಾರಂಭವಾಗುತ್ತದೆ. ಬಿಲ್ಲು ಹಿಡಿದವರಿಗೆ ಮಾತ್ರ ಸೆಪ್ಟೆಂಬರಿನ ಮಧ್ಯಭಾಗದಿಂದಲೇ ಅನುಮತಿ ಉಂಟು. ಬಿಲ್ಲಿಗೆಂದೇ ಪ್ರತ್ಯೇಕವಾದೊಂದು ಋತುವನ್ನು ಆ ದೇಶದಲ್ಲಿ ಮೊತ್ತಮೊದಲು, 1934ರಲ್ಲಿ, ಗೊತ್ತುಪಡಿಸಿದ ರಾಜ್ಯವೂ ಇದೇ. ವನ್ಯಜೀವಿ ನಿರ್ವಹಣೆಯ ಶಾಸ್ತ್ರಕ್ಕೆ ತಳಹದಿ ಹಾಕಿದ ಆಲ್ಡೋ ಲಿಯೊಪೋಲ್ಡ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದಾಗ, ತನ್ನ ಬಿಲ್ಲುಗಳನ್ನು ತಾನೇ ಕೆತ್ತಿಕೊಂಡು ಕಾಡಿಗೆ ಹೋಗುತ್ತಿದ್ದ ಕಾಲವೂ ಅದೇ. ಬಂದೂಕಿನವನು ದೂರದಿಂದ ಗುರಿಯಿಡಬಲ್ಲ. ಬಿಲ್ಲಿನವನಿಗಾದರೋ ಮೃಗವು ಇಪ್ಪತ್ತು ಗಜದೊಳಗೆ ಬರಬೇಕು. ಆ ಇಪ್ಪತ್ತು ಗಜವೇ ಮರಸನ್ನು ಒಂದು ಕಲೆಯಾಗಿ ಮಾಡಿದೆ.

ಮರಸೆಂದರೆ ಗೋಡೆ, ಗೋಡೆ ದಪ್ಪವಾದಷ್ಟೂ ಕ್ಷೇಮ ಎಂಬುದು ಸಾಮಾನ್ಯರ ಕಲ್ಪನೆ. ಈ ಕಲ್ಪನೆಯನ್ನೇ ಬಂಡವಾಳ ಮಾಡಿಕೊಂಡು ಅಂಗಡಿಗಳು ಮಡಚಿ ಬಿಚ್ಚುವ ಬಟ್ಟೆಯ ಗುಡಾರಗಳನ್ನು ಎಲೆಯ ಚಿತ್ತಾರ ಬಿಡಿಸಿ ಮಾರುತ್ತವೆ. ಅವು ನಿರುಪಯುಕ್ತವೆಂದು ನಾನು ಹೇಳುವುದಿಲ್ಲ. ಮಳೆಗೆ ಆಸರೆಯಂತೂ ಆದಾವು. ಆದರೆ ನಿನ್ನೆ ಬಯಲಾಗಿದ್ದೆಡೆಯಲ್ಲಿ ಇಂದು ಚೌಕನೆಯ ಗುಡ್ಡೆಯೊಂದು ಎದ್ದು ನಿಂತರೆ, ಪ್ರತಿದಿನ ಅದೇ ದಾರಿಯಲ್ಲಿ ನಡೆಯುವ ಪ್ರಾಣಿ ಅದನ್ನು ಗಮನಿಸದೆ ಇರುತ್ತದೆಯೆಂದು ನಂಬುವುದು ಪ್ರಾಣಿಯ ಬುದ್ಧಿಗೆ ಮಾಡುವ ಅಪಚಾರ. ಮರಸನ್ನು ಕಟ್ಟುವವನು ತನ್ನ ಕಣ್ಣಿಗೆ ಒಪ್ಪುವಂತೆ ಕಟ್ಟಿದನೋ, ಕೆಟ್ಟನೆಂದೇ ತಿಳಿಯಬೇಕು. ಅದನ್ನು ಒಪ್ಪಬೇಕಾದುದು ಜಿಂಕೆಯ ಕಣ್ಣು, ಜಿಂಕೆಯ ಕಿವಿ, ಎಲ್ಲಕ್ಕೂ ಮೇಲಾಗಿ ಜಿಂಕೆಯ ಮೂಗು.

ಕಣ್ಣಿನ ವಿಚಾರವನ್ನು ಮೊದಲು ಹೇಳುತ್ತೇನೆ. ಜಿಂಕೆಯ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿ ಇರುವುದರಿಂದ, ಕತ್ತು ಹೊರಳಿಸದೆಯೇ ಸುಮಾರು 300 ಡಿಗ್ರಿಯಷ್ಟು ಸುತ್ತಣ ಪ್ರದೇಶ ಅದಕ್ಕೆ ಗೋಚರ. ಬೆನ್ನ ಹಿಂದಿನ ಕಿರಿದಾದೊಂದು ಪಾಲು ಮಾತ್ರ ಅಗೋಚರ. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪೊರೆಯೊಂದು ಇರುವುದರಿಂದ, ನಮಗೆ ಎದುರಿನ ಮರವೂ ಕಾಣದ ನಸುಕಿನಲ್ಲಿ ಅದು ಸಲೀಸಾಗಿ ನಡೆದಾಡುತ್ತದೆ. ಇಷ್ಟಾದರೂ, ನಿಶ್ಚಲವಾದ ವಸ್ತುವಿನ ವಿವರಗಳನ್ನು ಬಿಡಿಸಿ ನೋಡುವ ಶಕ್ತಿಯಲ್ಲಿ ಅದರ ಕಣ್ಣು ನಮ್ಮದಕ್ಕಿಂತ ಮಂದ. ಬಣ್ಣದ ವಿಷಯದಲ್ಲಿಯಂತೂ ಮತ್ತೂ ಬಡವೆನ್ನಬೇಕು. ನಮ್ಮ ಅಕ್ಷಿಪಟಲದಲ್ಲಿ ಬಣ್ಣವನ್ನು ಗ್ರಹಿಸುವ ಶಂಕುಕೋಶಗಳು ಮೂರು ಬಗೆ. ಜಿಂಕೆಯದರಲ್ಲಿ ಎರಡೇ ಬಗೆ, ನೀಲಿಗೊಂದು, ಹಳದಿ ಬೆರೆತ ಹಸುರಿಗೊಂದು. ಜಾರ್ಜಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1990ರ ದಶಕದ ಆದಿಭಾಗದಲ್ಲಿ ಕೈಗೊಂಡ ಪ್ರಯೋಗಗಳಿಂದ ಇದು ಸಿದ್ಧಪಟ್ಟಿತು. ಕೆಂಪನ್ನೂ ಕಿತ್ತಳೆಯನ್ನೂ ಅದು ಬೇರೆಯಾಗಿ ಗುರುತಿಸಲಾರದು. ಒಣಗಿದ ಎಲೆಗಳ ನಡುವೆ ಅವು ಅದಕ್ಕೆ ಮಂಕಾದ ಮತ್ತೊಂದು ಛಾಯೆ ಮಾತ್ರ.

ನೀಲಿಯ ಕಥೆ ಬೇರೆ. ನಮ್ಮ ಕಣ್ಣಿನ ಮಸೂರವು ನೇರಳಾತೀತ ಕಿರಣಗಳನ್ನು ತಡೆದುಬಿಡುತ್ತದೆ. ಜಿಂಕೆಯ ಮಸೂರಕ್ಕೆ ಅಂಥ ಬಲವಾದ ತಡೆಯಿಲ್ಲ. ಬಟ್ಟೆ ಒಗೆಯುವ ಪುಡಿಗಳಲ್ಲಿ, ಅರಿವೆ ಬೆಳ್ಳಗೆ ಹೊಳೆಯಲೆಂದು, ಕಣ್ಣಿಗೆ ಕಾಣದ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುವ ದ್ರವ್ಯವೊಂದನ್ನು ಬೆರೆಸುವುದುಂಟು. ಕಾಡಿನ ಬಣ್ಣದ ಅಂಗಿಯನ್ನು ಹೆಚ್ಚು ಬೆಲೆ ಕೊಟ್ಟು ತಂದು, ಅದನ್ನು ಅಂಥ ಪುಡಿಯಲ್ಲಿ ನಾಲ್ಕಾರು ಸಲ ಒಗೆದು ತೊಟ್ಟವನು ಮುಂಜಾವದ ಮಸುಕಿನಲ್ಲಿ ಜಿಂಕೆಯ ಕಣ್ಣಿಗೆ ಮಿಣುಮಿಣುಗುತ್ತ ಕುಳಿತಿರುತ್ತಾನೆ. ಪಕ್ಕದಲ್ಲಿಯೇ ಕಡುಗಿತ್ತಳೆಯ ಟೋಪಿ ಹಾಕಿಕೊಂಡು ಅಲುಗಾಡದೆ ಕುಳಿತವನೇ ಅವನಿಗಿಂತ ಮರೆಯಾಗಿರುವುದು ಸಾಧ್ಯ. ಇದರಿಂದ ತಿಳಿಯುವುದೇನೆಂದರೆ, ಮರಸು ಮುಚ್ಚಬೇಕಾದುದು ಮನುಷ್ಯನ ಬಣ್ಣವನ್ನಲ್ಲ. ಅವನ ಚಲನೆಯನ್ನು ಮತ್ತು ಅವನ ಆಕೃತಿಯ ಅಂಚನ್ನು. ಬಿಲ್ಲನ್ನೆಳೆಯುವ ಮೊಣಕೈ, ಬಿಳುಪಾದ ಮುಖ, ಹೊರಳುವ ಕತ್ತು, ಆಕಾಶಕ್ಕೆದುರಾಗಿ ಕಪ್ಪನೆ ಎದ್ದ ತಲೆ ಮತ್ತು ಹೆಗಲುಗಳ ಗೆರೆ, ಇವು ಮರೆಯಾದರೆ ಉಳಿದುದಕ್ಕೆ ಅಷ್ಟಾಗಿ ಚಿಂತಿಸಬೇಕಾದುದಿಲ್ಲ.

ಇನ್ನು ಮೂಗು. ಕಣ್ಣನ್ನು ವಂಚಿಸಬಹುದು, ಕಿವಿಯನ್ನೂ ಸ್ವಲ್ಪಮಟ್ಟಿಗೆ ವಂಚಿಸಬಹುದು. ಮೂಗಿನ ಮುಂದೆ ಯಾವ ಉಪಾಯವೂ ನಡೆಯದು. ವಾಸನೆಯನ್ನು ಅಡಗಿಸುತ್ತೇವೆಂದು ಹೇಳಿಕೊಳ್ಳುವ ಸಾಬೂನುಗಳೂ ದ್ರಾವಣಗಳೂ ಹೇರಳವಾಗಿ ಮಾರಾಟವಾಗುತ್ತಿದ್ದರೂ, ಅನುಭವಿಗಳು ನಂಬುವುದು ಗಾಳಿಯ ದಿಕ್ಕನ್ನು ಮಾತ್ರ. ಆದುದರಿಂದ ಮರಸಿನ ಕೆಲಸ ಮೊದಲಾಗುವುದು ಕೊಂಬೆ ಕಡಿಯುವುದರಿಂದಲ್ಲ, ಸ್ಥಳವನ್ನು ಆರಿಸುವುದರಿಂದ. ಜಿಂಕೆಗಳು ಹಗಲು ಮಲಗುವ ತಾಣ ಯಾವುದು, ಮೇವಿಗೆ ಇಳಿಯುವ ಬಯಲು ಯಾವುದು, ಇವೆರಡರ ನಡುವೆ ಎಲೆಗಳನ್ನು ತುಳಿದು ತುಳಿದು ಸವೆಸಿದ ಜಾಡು ಯಾವುದು ಎಂಬುದನ್ನು ಮೊದಲು ಅರಿಯಬೇಕು. ಬೆದೆಗಾಲವು ಆ ಉತ್ತರದ ಸೀಮೆಯಲ್ಲಿ ನವೆಂಬರಿನ ಮಧ್ಯಭಾಗಕ್ಕೆ ತುದಿಮುಟ್ಟುತ್ತದೆ. ಆಗ ಗಂಡುಗಳು ಎಳೆಯ ಮರಗಳ ತೊಗಟೆಯನ್ನು ಕೊಂಬಿನಿಂದ ಉಜ್ಜಿ ಸುಲಿದಿರುತ್ತವೆ, ತಗ್ಗಿದ ರೆಂಬೆಯೊಂದರ ಕೆಳಗೆ ಗೊರಸಿನಿಂದ ನೆಲವನ್ನು ಕೆರೆದು ಮೂತ್ರ ಹೊಯ್ದು ಗುರುತಿಟ್ಟಿರುತ್ತವೆ. ಇವೆಲ್ಲ ಓದಬೇಕಾದ ಲಿಪಿ. ಓದಿ ಮುಗಿದ ಮೇಲೆ, ಆ ಕಾಲದಲ್ಲಿ ಗಾಳಿ ಸಾಮಾನ್ಯವಾಗಿ ಯಾವ ಕಡೆಯಿಂದ ಬೀಸುತ್ತದೆಂಬುದನ್ನು ನೋಡಿಕೊಂಡು, ಗಾಳಿಯು ಜಾಡಿನಿಂದ ಮರಸಿನ ಕಡೆಗೆ ಬರುವಂತೆ, ಇಲ್ಲವೆ ಅಡ್ಡಲಾಗಿ ಹಾದುಹೋಗುವಂತೆ ಜಾಗವನ್ನು ಗೊತ್ತುಮಾಡಬೇಕು.

ಗುಡ್ಡದ ಇಳಿಜಾರುಗಳಲ್ಲಿ ಇದಕ್ಕೊಂದು ತೊಡಕುಂಟು. ಬೆಳಗಾಗುತ್ತ ಬಿಸಿಲಿಗೆ ನೆಲ ಕಾದಂತೆಲ್ಲ ಅದರ ಮೇಲಣ ಗಾಳಿ ಹಗುರಾಗಿ ಇಳಿಜಾರಿನುದ್ದಕ್ಕೂ ಮೇಲಕ್ಕೇರುತ್ತದೆ. ಸಂಜೆ ನೆಲ ತಣಿದಂತೆಲ್ಲ ಗಾಳಿಯೂ ತಣಿದು ಭಾರವಾಗಿ ಕಣಿವೆಗೆ ಇಳಿಯುತ್ತದೆ. ಎಲೆ ಅಲುಗದಷ್ಟು ಶಾಂತವಾಗಿದ್ದ ದಿನದಲ್ಲಿಯೂ ಈ ಏರಿಳಿತ ತಪ್ಪುವುದಿಲ್ಲ. ಹೀಗಾಗಿ, ಬೆಳಗ್ಗೆ ಜಾಡಿಗಿಂತ ಮೇಲ್ಗಡೆ ಕುಳಿತವನಿಗೆ ಸಾಧಕವಾದ ಜಾಗವೇ ಸಂಜೆ ಬಾಧಕವಾಗಿಬಿಡುತ್ತದೆ. ಅವನ ಮೈವಾಸನೆಯೆಲ್ಲ ನೀರಿನಂತೆ ಹರಿದು ಕೆಳಗಿನ ಜಾಡಿಗೆ ಬೀಳುತ್ತದೆ. ಒಂದು ಚಿಟಿಕೆ ನವಿರಾದ ಪುಡಿಯನ್ನು ಗಾಳಿಗೆ ತೂರಿ ಅದು ತೇಲುವ ದಿಕ್ಕನ್ನು ನೋಡುವುದು ಬೇಟೆಗಾರರ ನಿತ್ಯವಿಧಿ.

ಈಗ ಕಟ್ಟಡಕ್ಕೆ ಬರೋಣ. ಬಿರುಗಾಳಿಗೆ ಬುಡಮೇಲಾಗಿ ಬಿದ್ದ ಮರವೊಂದು ಜಾಡಿನಿಂದ ಹದಿನೈದಿಪ್ಪತ್ತು ಗಜದಲ್ಲಿ ದೊರೆತರೆ ಮುಕ್ಕಾಲು ಕೆಲಸ ಮುಗಿಯಿತೆಂದೇ ಹೇಳಬೇಕು. ಅಂಥ ಮರದ ಬೇರುಗಳು ಮಣ್ಣನ್ನೂ ಕಲ್ಲನ್ನೂ ತಬ್ಬಿಕೊಂಡೇ ಮೇಲೆದ್ದು, ಆಳೆತ್ತರದ ತಟ್ಟೆಯಾಗಿ ನಿಂತಿರುತ್ತವೆ. ಮುಂದೆ ಬೇರು ಕಿತ್ತ ಗುಳಿ. ಆ ತಟ್ಟೆಗೆ ಬೆನ್ನು ಕೊಟ್ಟು ಕುಳಿತವನ ಆಕೃತಿ, ಕಪ್ಪು ಮಣ್ಣಿನ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಹೊಸಬರು ಸಾಮಾನ್ಯವಾಗಿ ಮುಂಭಾಗದ ಮರೆಯನ್ನೇ ಒತ್ತೊತ್ತಾಗಿ ಕಟ್ಟಿ, ಬೆನ್ನ ಹಿಂದೆ ಬಯಲು ಬಿಟ್ಟುಬಿಡುತ್ತಾರೆ. ಆಗ ತಲೆ ಎತ್ತಿದೊಡನೆ ಹಿಂದಿನ ಬೆಳಕಿಗೆ ಇಡಿಯ ಮೈ ಚಿತ್ರ ಬರೆದಂತೆ ಎದ್ದು ತೋರುತ್ತದೆ. ಹಿಂಬದಿ ಗಾಢವಾಗಿರಬೇಕು, ಮುಂಬದಿ ವಿರಳವಾಗಿರಬೇಕು. ಮರಸಿನ ರಚನೆಯಲ್ಲಿ ಒಂದೇ ಸೂತ್ರವನ್ನು ನೆನಪಿಡಬೇಕೆಂದಾದರೆ ನಾನು ಇದನ್ನು ಆರಿಸಿಯೇನು. ಬಿದ್ದ ಮರವಿಲ್ಲದ ಪಕ್ಷದಲ್ಲಿ, ದಪ್ಪ ಬೊಡ್ಡೆಯ ಮರವೊಂದರ ಬುಡವನ್ನೋ, ಒಂದೆಡೆ ಗುಂಪಾಗಿ ಎದ್ದ ಎಳೆಯ ಪೈನುಗಳನ್ನೋ ಬೆನ್ನಿಗೆ ಇಟ್ಟುಕೊಳ್ಳಬಹುದು.

ಮುಂಭಾಗಕ್ಕೆ, ತೋಳು ದಪ್ಪದ ಒಣಮರದ ತುಂಡೊಂದನ್ನು ಎರಡು ಕವಲುಗಳ ಮೇಲೆ ಅಡ್ಡಲಾಗಿ ಇಟ್ಟು, ಅದಕ್ಕೆ ಒರಗುವಂತೆ ಕೊಂಬೆಗಳನ್ನು ಓರೆಯಾಗಿ, ಒಂದರ ಮೇಲೊಂದು ಬೀಳುವಂತೆ ಜೋಡಿಸುತ್ತಾರೆ. ಎತ್ತರ, ಕುಳಿತವನ ಎದೆಮಟ್ಟ. ಅದಕ್ಕಿಂತ ಹೆಚ್ಚಾದರೆ ಬಾಣಕ್ಕೆ ತಡೆ. ಮೇಲಂಚು ಕತ್ತರಿಸಿದ ಬೇಲಿಯಂತೆ ಸಮವಾಗಿರಕೂಡದು; ಕಾಡಿನಲ್ಲಿ ನೆಟ್ಟಗಿನ ಅಡ್ಡಗೆರೆ ಅಪರೂಪವಾದುದರಿಂದ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಒಂದೆಡೆ ತಗ್ಗು, ಒಂದೆಡೆ ಉಬ್ಬು, ನಡುನಡುವೆ ಮೇಲಕ್ಕೆ ಚಾಚಿದ ನಾಲ್ಕಾರು ಸಣ್ಣ ರೆಂಬೆಗಳು ಇದ್ದರೆ ಚೆನ್ನು. ಬಿಲ್ಲಿನ ಎರಡು ತುದಿಗಳೂ ಎಲ್ಲಿಯೂ ತಗುಲದಷ್ಟು ಒಳಗೆ ಅವಕಾಶವಿರಬೇಕು, ಎಂದರೆ ಐದಾರು ಅಡಿ ಅಗಲ. ಬಲಗೈಯವನು ಬಿಲ್ಲನ್ನು ಎಡಗೈಯಲ್ಲಿ ಹಿಡಿಯುವುದರಿಂದ, ಕುಳಿತಲ್ಲಿಂದ ಅವನು ಸುಲಭವಾಗಿ ತಿರುಗಬಲ್ಲುದು ಎಡಕ್ಕೆ. ಆದುದರಿಂದ ಮೃಗ ಬರುವ ಪಕ್ಕ ಅವನ ಎಡಕ್ಕೆ ಬೀಳುವಂತೆ ಪೀಠವನ್ನು ಇಡುವುದು ಲೇಸು. ಒಳಗಿನ ನೆಲವನ್ನಂತೂ ಎಲೆಕಡ್ಡಿಗಳಿಲ್ಲದಂತೆ ಮಣ್ಣು ಕಾಣುವವರೆಗೂ ಕೆರೆಯಲೇಬೇಕು. ನವೆಂಬರಿನ ಹಿಮಗಟ್ಟಿದ ಮುಂಜಾನೆಯಲ್ಲಿ ಓಕ್ ಮರದ ಒಂದು ಒಣಎಲೆ ಬೂಟಿನಡಿಯಲ್ಲಿ ಮುರಿದರೆ ಅದರ ಸದ್ದು ಎಷ್ಟು ದೂರ ಹೋಗುತ್ತದೆಂಬುದು ಕೂತವನಿಗೇ ಗೊತ್ತು.

ಕೊಂಬೆಗಳ ಆಯ್ಕೆಯಲ್ಲಿ ಸಸ್ಯಶಾಸ್ತ್ರದ ಸ್ವಾರಸ್ಯವೊಂದು ಅಡಗಿದೆ. ಆ ಪ್ರದೇಶದ ಹೆಚ್ಚಿನ ಮರಗಳು ಶರತ್ಕಾಲದಲ್ಲಿ ಎಲೆ ಉದುರಿಸುತ್ತವೆ. ಎಲೆಯ ತೊಟ್ಟು ರೆಂಬೆಗೆ ಸೇರುವಲ್ಲಿ ಬಿರುಸಾದೊಂದು ಪದರ ಬೆಳೆದು, ಎಲೆಯನ್ನು ಗಿಡದಿಂದ ಬೇರ್ಪಡಿಸುವುದೇ ಅದಕ್ಕೆ ಕಾರಣ. ಆ ಪದರವು ರೂಪುಗೊಳ್ಳಬೇಕಾದರೆ ಕೊಂಬೆಗೆ ಜೀವವಿರಬೇಕು. ಆಗಸ್ಟ್ ತಿಂಗಳಲ್ಲಿ, ಎಲೆ ಇನ್ನೂ ಹಸುರಾಗಿರುವಾಗಲೇ ಓಕ್ ಕೊಂಬೆಯನ್ನು ಕಡಿದಿಟ್ಟರೆ, ಪದರ ಬೆಳೆಯುವ ಮುನ್ನವೇ ಕೊಂಬೆ ಸತ್ತುಹೋಗುವುದರಿಂದ, ಎಲೆಗಳು ಕಂದಾಗಿ ಮುರುಟಿಕೊಂಡರೂ ತೊಟ್ಟು ಕಳಚದೆ ಚಳಿಗಾಲದವರೆಗೂ ನಿಲ್ಲುತ್ತವೆ. ಅದೇ ಕೊಂಬೆಯನ್ನು ಅಕ್ಟೋಬರಿನ ಕೊನೆಯಲ್ಲಿ ಕಡಿದರೆ, ಮರಸು ಕಟ್ಟಿ ವಾರ ಕಳೆಯುವುದರೊಳಗೆ ಬರಿಯ ಕಡ್ಡಿಗಳು ಉಳಿಯುತ್ತವೆ. ಎಳೆಯ ಬೀಚ್ ಮರವು ತಾನಾಗಿಯೇ ತನ್ನ ತೆಳುವಾದ, ಬಿಳಿಚಿದ ಎಲೆಗಳನ್ನು ವಸಂತದವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ಅದು ಬೆಳೆದೆಡೆಯಲ್ಲಿ ಮರಸಿಗೆ ಎರಡು ಲಾಭ, ಮರೆಗೆ ಮರೆಯೂ ಆಯಿತು, ಗಾಳಿಗೆ ಸದಾ ಸರಪರ ಎನ್ನುವುದರಿಂದ ಒಳಗಿನ ಸಣ್ಣ ಸದ್ದಿಗೆ ಮುಸುಕೂ ಆಯಿತು. ಸೂಚಿಪರ್ಣಿಗಳಲ್ಲಿ ಪೈನ್ ಮತ್ತು ಸೀಡರ್ ಕಡಿದ ಮೇಲೂ ಬಹುದಿನ ಹಸುರುಳಿಸಿಕೊಳ್ಳುತ್ತವೆ. ನೋಡುವುದಕ್ಕೆ ಅವುಗಳಿಗಿಂತ ಅಂದವಾದ ಹೆಮ್‌ಲಾಕ್ ಮಾತ್ರ ಕಡಿದ ಕೆಲವೇ ದಿನಗಳಲ್ಲಿ ಸೂಜಿಗಳನ್ನೆಲ್ಲ ಸುರಿದುಬಿಡುತ್ತದೆ. ಯಾವುದೇ ಆಗಲಿ, ಆ ಜಾಗದ ಸುತ್ತಮುತ್ತ ಬೆಳೆದುದೇ ಆಗಿರಬೇಕು. ಓಕ್ ತೋಪಿನ ನಡುವೆ ಪೈನ್ ಹಸುರಿನ ಒಂದು ರಾಶಿ ಬಿದ್ದಿದ್ದರೆ, ಜಿಂಕೆಗೆ ಬಣ್ಣ ತಿಳಿಯದೆ ಹೋದರೂ ಪರಿಸರದಲ್ಲಾದ ಬದಲಾವಣೆ ತಿಳಿಯುತ್ತದೆ. ಅದಕ್ಕಾಗಿಯೇ ಮರಸನ್ನು ಋತುವಿಗೆ ಕೆಲವು ವಾರ ಮುಂಚೆಯೇ ಕಟ್ಟಿ ಬಿಟ್ಟುಬರುವುದು ವಾಡಿಕೆ.

ಇಷ್ಟೆಲ್ಲ ಮಾಡಿದ ಮೇಲೂ ಮೃಗಕ್ಕೆ ಸಂಶಯ ಬರುವುದುಂಟು. ಸಂಶಯಗೊಂಡ ಹೆಣ್ಣು ಜಿಂಕೆ ಕೂಡಲೇ ಓಡುವುದಿಲ್ಲ. ಮುಂಗಾಲನ್ನೆತ್ತಿ ನೆಲಕ್ಕೆ ಅಪ್ಪಳಿಸುತ್ತದೆ, ಕತ್ತನ್ನು ಮೇಲೆ ಕೆಳಗೆ ಆಡಿಸಿ ಬೇರೆಬೇರೆ ಕೋನಗಳಿಂದ ದಿಟ್ಟಿಸುತ್ತದೆ, ತಲೆ ತಗ್ಗಿಸಿ ಮೇಯುವಂತೆ ನಟಿಸಿ ಮರುಕ್ಷಣವೇ ತಲೆಯೆತ್ತಿ, ಅಡಗಿದ್ದುದು ಈ ನಡುವೆ ಅಲುಗಿತೋ ಎಂದು ಪರೀಕ್ಷಿಸುತ್ತದೆ. ಈ ನಟನೆಗೆ ಮೋಸಹೋಗಿ ಬಿಲ್ಲಿಗೆ ಕೈಯಿಟ್ಟವರ ಸಂಖ್ಯೆ ಸಣ್ಣದಲ್ಲ. ಗಾಳಿ ತಿರುಗಿತೋ, ಪರೀಕ್ಷೆಯೆಲ್ಲ ಮುಗಿದಂತೆಯೇ: ಮೂಗಿನಿಂದ ಬುಸ್ಸೆಂದು ಉಸಿರು ಚಿಮ್ಮಿಸಿ, ಬಿಳಿಯ ಬಾಲವನ್ನು ಬಾವುಟದಂತೆ ಎತ್ತಿಕೊಂಡು ಅದು ಮಾಯವಾಗುತ್ತದೆ. ಜಿಂಕೆಗಿಂತ ಮೊದಲೇ ಗುಟ್ಟು ರಟ್ಟುಮಾಡುವವರೂ ಕಾಡಿನಲ್ಲಿದ್ದಾರೆ. ಮೇಲಿನ ಕೊಂಬೆಯಿಂದ ನೋಡುವ ಕೆಂಪಳಿಲಿಗೂ ನೀಲಿ ಜೇ ಹಕ್ಕಿಗೂ ಮರಸಿನ ಒಳಗಿರುವುದೆಲ್ಲ ಬಟ್ಟಬಯಲು. ಅವುಗಳ ಬೈಗುಳ ನಿಲ್ಲುವವರೆಗೂ ಕಲ್ಲಿನಂತೆ ಕೂರುವುದಲ್ಲದೆ ಗತ್ಯಂತರವಿಲ್ಲ.

ಮರಸನ್ನು ಕುರಿತು ಕಾನೂನೂ ಮೌನವಾಗಿಲ್ಲ. ಮೇಲೆ ಹೇಳಿದ ಹಸಿಕೊಂಬೆಯ ಉಪಾಯವೆಲ್ಲ ಸ್ವಂತ ಜಮೀನಿನಲ್ಲಿಯೋ ಒಡೆಯನ ಅನುಮತಿ ಪಡೆದೋ ಮಾಡತಕ್ಕದ್ದು. ವಿಸ್ಕಾನ್ಸಿನ್ನಿನ ಸರಕಾರಿ ಭೂಮಿಯಲ್ಲಿ, ಅಲ್ಲಿಯೇ ಬಿದ್ದು ಸತ್ತ ಸಸ್ಯಸಾಮಗ್ರಿಯಿಂದ ಕಟ್ಟಿದ ಮರಸಿಗೆ ಅವಕಾಶವುಂಟು. ಇನ್ನು ಬಂದೂಕಿನ ಋತುವಿನಲ್ಲಿ, ಬೇಟೆಗಾರರು ಒಬ್ಬರನ್ನೊಬ್ಬರು ಜಿಂಕೆಯೆಂದು ಭ್ರಮಿಸಿ ಹೊಡೆಯದಿರಲೆಂದು, ಸೊಂಟದ ಮೇಲಿನ ಉಡುಪಿನ ಅರ್ಧಭಾಗವಾದರೂ ಕಣ್ಣು ಕುಕ್ಕುವ ಕಿತ್ತಳೆಯಾಗಿರಬೇಕೆಂಬ ನಿಯಮ 1980ರಿಂದ ಜಾರಿಯಲ್ಲಿದೆ. 2016ರಲ್ಲಿ ಅಂಥದೇ ಗುಲಾಬಿ ಬಣ್ಣಕ್ಕೂ ಒಪ್ಪಿಗೆ ದೊರೆಯಿತು. ಸರಕಾರಿ ಭೂಮಿಯಲ್ಲಿ, ಅಲ್ಲಿಯ ಸಸ್ಯಸಾಮಗ್ರಿಯಿಂದಷ್ಟೇ ಕಟ್ಟಿದುದಲ್ಲದ ನೆಲದ ಮರಸಿನ ಮೇಲೆಯೂ, ಎಲ್ಲ ದಿಕ್ಕಿನಿಂದ ಕಾಣುವಂತೆ, ಕಡಮೆಪಕ್ಷ 144 ಚದರಂಗುಲದಷ್ಟು ಈ ಎರಡು ಬಣ್ಣಗಳಲ್ಲೊಂದನ್ನು ಪ್ರದರ್ಶಿಸಬೇಕು. ಅಡಗುವುದಕ್ಕೆಂದು ಕಟ್ಟಿದುದರ ನೆತ್ತಿಗೆ ಇಂಥ ಬಾವುಟವನ್ನು ಕಟ್ಟುವುದು ಮೇಲ್ನೋಟಕ್ಕೆ ಪರಿಹಾಸ್ಯದಂತೆ ತೋರಬಹುದು. ಆದರೆ ಮನುಷ್ಯನ ಕಣ್ಣಿಗೆ ಬೆಂಕಿಯಂತೆ ಉರಿಯುವುದು ಜಿಂಕೆಯ ಕಣ್ಣಿಗೆ ಮಂಕಾಗಿರುವುದೆಂಬುದೇ ಈ ನಿಯಮದ ಭಾಗ್ಯ.

ಇದೆಲ್ಲ ನಿನ್ನೆ ಮೊನ್ನೆಯ ವಿದ್ಯೆಯೆಂದು ತಿಳಿಯಬಾರದು. ಮಿಷಿಗನ್ ರಾಜ್ಯಕ್ಕೂ ಕೆನಡಾದ ಒಂಟಾರಿಯೊ ಪ್ರಾಂತಕ್ಕೂ ನಡುವೆ ಹರಡಿರುವ ಹ್ಯೂರಾನ್ ಸರೋವರದ ತಳದಲ್ಲಿ ಉದ್ದನೆಯದೊಂದು ದಿಣ್ಣೆಯುಂಟು. ಸುಮಾರು 9,000 ವರ್ಷಗಳ ಹಿಂದೆ ಸರೋವರದ ನೀರು ಬಹಳ ತಗ್ಗಿನಲ್ಲಿದ್ದಾಗ ಅದು ಒಣನೆಲವಾಗಿತ್ತು; ಕ್ಯಾರಿಬೂ ಎಂಬ ಜಿಂಕೆಗಳ ಹಿಂಡುಗಳು ವಸಂತದಲ್ಲೊಮ್ಮೆ ಶರತ್ತಿನಲ್ಲೊಮ್ಮೆ ಆ ದಿಣ್ಣೆಯನ್ನು ಹಿಡಿದು ವಲಸೆಹೋಗುತ್ತಿದ್ದವು. ಮಿಷಿಗನ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ಜಾನ್ ಓಷೇ ಮತ್ತು ಅವರ ಸಂಗಡಿಗರು ನೀರಿನಲ್ಲಿ ಮುಳುಗಿ ಶೋಧಿಸಿ, 2009ರಿಂದೀಚೆಗೆ ಪ್ರಕಟಪಡಿಸಿದ ಸಂಗತಿ ಇದು: 121 ಅಡಿ ಆಳದಲ್ಲಿ, ಎರಡು ಸಾಲಾಗಿ ಕಲ್ಲುಗಳನ್ನಿಟ್ಟು ಹಿಂಡು ದಾರಿ ತಪ್ಪದಂತೆ ಮಾಡಿದ ಓಣಿ, ಓಣಿಯ ಸಾಲಿನೊಳಗೇ ಸೇರಿಸಿ ಕಟ್ಟಿದ ದುಂಡನೆಯ ಕಲ್ಲುಮರೆಗಳು, ಅಲ್ಲಿಯೇ ಕಲ್ಲಿನ ಆಯುಧಗಳನ್ನು ಹರಿತಗೊಳಿಸಿದಾಗ ಸಿಡಿದ ಚಕ್ಕೆಗಳು. ಅದೇ ದಿಣ್ಣೆಯ ಬೇರೆಡೆಗಳಲ್ಲಿ ಇಂಗ್ಲಿಷಿನ ವಿ ಅಕ್ಷರದ ಆಕಾರದ ಮರೆಗಳೂ ದೊರೆತಿವೆ. ಅವು ತೆರೆದಿರುವ ದಿಕ್ಕು ಶರತ್ಕಾಲದ ವಲಸೆಗೆ ಹೊಂದುತ್ತದೆ, ಓಣಿಯದು ವಸಂತದ ವಲಸೆಗೆ. ಕೊಂಬೆ ಸಿಕ್ಕೆಡೆ ಕೊಂಬೆ, ಕಲ್ಲು ಸಿಕ್ಕೆಡೆ ಕಲ್ಲು. ಮೃಗ ಬರುವ ಮುಖವನ್ನರಿತು ಕೂರುವ ವಿದ್ಯೆ ಅಂದಿಗೂ ಇಂದಿಗೂ ಒಂದೇ. ಫ್ಲೋರಿಡಾದ ಟಿಮುಕುವಾ ಜನ ಮರೆಯನ್ನು ಮೈಮೇಲೆಯೇ ಹೊತ್ತುಕೊಂಡು, ಎಂದರೆ ಜಿಂಕೆಯ ಇಡೀ ಚರ್ಮವನ್ನೇ ಹೊದೆದು ಹಿಂಡಿನ ಸಮೀಪಕ್ಕೆ ಹೋಗುತ್ತಿದ್ದುದನ್ನು ತೋರಿಸುವ ಕೆತ್ತನೆಚಿತ್ರವನ್ನು ಥಿಯೊಡೋರ್ ಡಿ ಬ್ರೈ 1591ರಲ್ಲಿಯೇ ಅಚ್ಚುಹಾಕಿಸಿದ್ದಾನೆ.

ಕೊಲ್ಲುವುದಕ್ಕಾಗಿ ಇಷ್ಟೆಲ್ಲ ವಿದ್ಯೆಯೇ ಎಂದು ಕನ್ನಡದ ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮಾರುಕಟ್ಟೆಗಾಗಿ ಎಗ್ಗಿಲ್ಲದೆ ಹೊಡೆದುದರ ಫಲವಾಗಿ 1900ರ ಹೊತ್ತಿಗೆ ಆ ದೇಶದಲ್ಲಿ ಬಿಳಿಬಾಲದ ಜಿಂಕೆಗಳು ಅಂದಾಜು ಐದು ಲಕ್ಷಕ್ಕೆ ಇಳಿದಿದ್ದವು. ಬೇಟೆಗೆ ಋತುವನ್ನೂ ಪರವಾನಗಿಯನ್ನೂ ಗೊತ್ತುಮಾಡಿ, 1937ರ ಶಾಸನದಿಂದ ಬಂದೂಕು ಮದ್ದುಗುಂಡುಗಳ ಮೇಲಣ ತೆರಿಗೆಯನ್ನು ವನ್ಯಜೀವಿಗಳ ಪೋಷಣೆಗೇ ಮೀಸಲಿಟ್ಟ ತರುವಾಯ, ಇಂದು ಅವು ಮೂರು ಕೋಟಿಯ ಆಸುಪಾಸಿನಲ್ಲಿವೆ. ತೋಳಗಳು ಅಳಿದ ಕಾಡಿನಲ್ಲಿ ಜಿಂಕೆಗಳು ಮಿತಿಮೀರಿ ಬೆಳೆದರೆ ಎಳೆಯ ಮರಗಳೆಲ್ಲ ಮೇವಾಗಿ ಕಾಡೇ ಮುಪ್ಪಾಗುತ್ತದೆಂದು ಲಿಯೊಪೋಲ್ಡ್ 1940ರ ದಶಕದಲ್ಲಿಯೇ ಎಚ್ಚರಿಸಿದ್ದ. ನಮ್ಮಲ್ಲಿ ಸನ್ನಿವೇಶ ಬೇರೆ. ಹುಲಿ, ಚಿರತೆ, ಕೆನ್ನಾಯಿಗಳು ಇನ್ನೂ ಉಳಿದಿರುವ ನಾಡಿನಲ್ಲಿ ಆ ವಾದಕ್ಕೆ ಅದೇ ತೂಕವಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಾದ ಮೇಲೆ ಚುಕ್ಕೆಜಿಂಕೆ, ಕಡವೆಗಳ ಬೇಟೆ ಅಪರಾಧ. ಹಾಗೆಂದು ಮರಸಿನ ವಿದ್ಯೆ ಇಲ್ಲಿ ಪೂರ್ತಿ ಅಳಿಯಲಿಲ್ಲ. ಕೋವಿ ಹಿಡಿದ ಕೈ ಕ್ಯಾಮೆರಾ ಹಿಡಿಯಿತು. ಗೂಡು ಕಟ್ಟಿದ ಹಕ್ಕಿಯ ಎದುರು ಸೊಪ್ಪುಸದೆಯ ಮರೆಯಲ್ಲಿ ದಿನವೆಲ್ಲ ಕೂರುವ ಛಾಯಾಗ್ರಾಹಕನಿಗೂ ಹಿಂಬದಿ ಗಾಢವಾಗಿರಬೇಕೆಂಬ ಸೂತ್ರ ಅಷ್ಟೇ ಅನ್ವಯ. ನಮ್ಮ ಕಾಡಿನಲ್ಲಿ ಅದಕ್ಕೊಂದು ಹೆಚ್ಚಿನ ನಿಬಂಧನೆಯುಂಟು: ಚುಕ್ಕೆಜಿಂಕೆಗಳ ಹಿಂಡಿದ್ದೆಡೆ ಮೇಲಿನ ಮರದಲ್ಲಿ ಮುಸುವಗಳೂ ಇರುವುದು ಸಾಮಾನ್ಯ, ಮುಸುವ ಕೂಗಿದರೆ ಜಿಂಕೆ ನಿಲ್ಲದು, ಆದುದರಿಂದ ಇಲ್ಲಿಯ ಮರೆಗೆ ಗೋಡೆಗಿಂತ ಮಾಡು ಮುಖ್ಯ.

ವ್ಯಾವಹಾರಿಕವಾದ ಮಾತೊಂದು ಉಳಿಯಿತು. ಒಮ್ಮೆ ಮನುಷ್ಯನ ವಾಸನೆ ಸಿಕ್ಕಿದ ತಾಣವನ್ನು ಪ್ರಾಯ ಬಂದ ಜಿಂಕೆ ಬೇಗ ಮರೆಯುವುದಿಲ್ಲ. ಆ ಋತುವಿನುದ್ದಕ್ಕೂ ಬಳಸುದಾರಿ ಹಿಡಿದು, ಗಾಳಿಯ ಕೆಳಗಿನಿಂದ ಮೂಸಿ ನೋಡಿಕೊಂಡೇ ಮುಂದೆ ಹೋಗುತ್ತದೆ. ಎಷ್ಟೇ ಚೆಲುವಾಗಿ ಕಟ್ಟಿದ್ದರೂ ಒಂದೇ ಮರಸಿನಲ್ಲಿ ಬೆಳಗು ಬೈಗು ಪಟ್ಟುಹಿಡಿದು ಕೂರುವುದು ವ್ಯರ್ಥ. ಅದಕ್ಕಾಗಿ ಅನುಭವಸ್ಥರು ಒಂದೇ ಜಾಡಿಗೆ ಎರಡು ಮೂರು ಮರಸುಗಳನ್ನು ಕಟ್ಟಿಟ್ಟಿರುತ್ತಾರೆ: ವಾಯವ್ಯದ ಗಾಳಿಗೊಂದು, ದಕ್ಷಿಣದ ಗಾಳಿಗೊಂದು, ಸಂಜೆಯ ಇಳಿಗಾಳಿಗೆಂದು ಕಣಿವೆಯ ಬದಿಯಲ್ಲಿ ಮತ್ತೊಂದು. ಮನೆಯಿಂದ ಹೊರಟಾಗ ಗಾಳಿಯನ್ನು ನೋಡಿ ಯಾವುದಕ್ಕೆ ಹೋಗಬೇಕೆಂಬುದನ್ನು ತೀರ್ಮಾನಿಸುತ್ತಾರೆ. ಯಾವುದಕ್ಕೂ ಗಾಳಿ ಒದಗದ ದಿನ ಸೌದೆ ಒಡೆದುಕೊಂಡು ಮನೆಯಲ್ಲಿಯೇ ಇರುತ್ತಾರೆ.